ಗೋದಾವರಿ ಗುಡ್ಡದ ಮೂರನೇ ಏರು

ನೇಪಾಳಕ್ಕೆ ಹೋಗಿ ಬಂದೆ ಅಂದರೆ ನಮ್ಮ ಕಡೆ ಯಾರೂ ಹಿಮಾಲಯ ಕಂಡಿತಾ ಅಂತ ಕೇಳುವುದಿಲ್ಲ. ಎಷ್ಟಾಯ್ತು ಅಂತ ಕೇಳುತ್ತಾರೆ. ಕೇಳಬೇಕಾದದ್ದೂ ಅದನ್ನೇ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಒಂದು ಪಿಕಪ್ ಗಾಡಿ ಆಯಿತು. ಗುಂಡ್ಲುಪೇಟೆಯ ನನ್ನ ತರಕಾರಿ ಮಂಡಿಯಿಂದ ಕೇರಳದ ಬತ್ತೇರಿಗೆ ಬೀನ್ಸು, ಟೊಮೆಟೊ, ಬೂದುಗುಂಬಳ ಹೊತ್ತು ಹೋಗುತ್ತಿದ್ದ ಎರಡು ಪಿಕಪ್‌ಗಳಲ್ಲಿ ಹಳೆಯದನ್ನು ಮಾರಿದೆ. ಕೊಂಡವನು ಹರವೆಯವನು. ಟೈರು ಸವೆದಿದೆ ಅಂತ ಅವನು ಇಳಿಸಲು ನೋಡಿದ. ಎಂಜಿನ್ ಶಬ್ದ ಕೇಳಿಸಿ ನಾನು ಏರಿಸಿದೆ. ಕೊನೆಗೆ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಬಂತು.

ಯಾಕೆ ಮಾರಿದೆ ಅನ್ನುವುದು ಎರಡನೇ ಪ್ರಶ್ನೆ. ಭೀಮನಬೀಡಿನಲ್ಲಿರುವ ನನ್ನ ತಮ್ಮನ ಮಗಳು ಸಿಂಚನಾ ರೇಸಿನಲ್ಲಿ ಸೈಕಲ್ ಓಡಿಸುತ್ತಾಳೆ. ಟಾರು ರಸ್ತೆಯ ರೇಸಲ್ಲ. ಕಲ್ಲು, ಬೇರು, ಕೊರಕಲು ತುಂಬಿದ ಗುಡ್ಡದ ದಾರಿಯಲ್ಲಿ, ದಪ್ಪ ಟೈರಿನ ಸೈಕಲ್ಲಿನಲ್ಲಿ, ಒಂದೇ ಸುತ್ತನ್ನು ಮತ್ತೆ ಮತ್ತೆ ಹತ್ತಿ ಇಳಿಯುವ ರೇಸು. ಚಾಮರಾಜನಗರದ ಕಡೆಯ ಕರಿಕಲ್ಲು ಕ್ವಾರಿಗಳ ದಾರಿಯಲ್ಲಿ ಒಬ್ಬಳೇ ಅಭ್ಯಾಸ ಮಾಡಿ ರಾಜ್ಯಮಟ್ಟಕ್ಕೆ ಹೋದ ಹುಡುಗಿ. ಆದರೆ ಪ್ರತಿ ರೇಸಿನಲ್ಲೂ ಒಂದೇ ಹಾಡು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಕೊನೆಯ ಏರಿನಲ್ಲಿ ಎಲ್ಲರಿಗಿಂತ ಹಿಂದೆ. ಕಳೆದ ಸಲ ಸೋತು ಬಂದವಳು ಸೈಕಲ್ಲನ್ನು ನನ್ನ ಮಂಡಿಯ ಗೋಡೆಗೆ ಒರಗಿಸಿ, ಈರುಳ್ಳಿ ಮೂಟೆಯ ಮೇಲೆ ಕೂತು ಹೇಳಿದಳು:

"ಅತ್ತೆ, ಇನ್ನೊಂದೇ ಸಲ ಕಣತ್ತೆ. ಗೊತ್ತಿರೋರ ತಾವ ಸರ್ಯಾಗಿ ಕಲ್ತು ಬತ್ತೀನಿ. ಆಮೇಲೂ ಕೊನೆ ಏರಲ್ಲಿ ಸತ್ತೋದ್ರೆ ಸೈಕಲ್ ಮಾರ್ಬುಟ್ಟು ನಿನ್ ಮಂಡೀಲೇ ಕೂತ್ಕತೀನಿ."

ಈ ಮಾತಿನ ಎರಡನೇ ಭಾಗವೂ ನನಗೆ ಸಿಹಿಯಾಗಿಯೇ ಕೇಳಿಸಿತು. ಲೆಕ್ಕದಲ್ಲಿ ಚುರುಕು, ಮಲಯಾಳದಲ್ಲಿ ಜಗಳವಾಡಬಲ್ಲಳು, ಕೊಳೆತ ಟೊಮೆಟೊ ಬುಟ್ಟಿಯ ತಳದಲ್ಲಿದ್ದರೂ ಮೂಗಿನಲ್ಲೇ ಕಂಡುಹಿಡಿಯುತ್ತಾಳೆ. ಇಂಥವಳು ಮಂಡಿಗೆ ಸಿಕ್ಕರೆ ನನ್ನ ಮುಪ್ಪು ಸಲೀಸು. ಗೆದ್ದರೆ ಅವಳಿಗೆ ಲಾಭ, ಸೋತರೆ ನನಗೆ ಲಾಭ. ಹೀಗೆ ಎರಡೂ ಕಡೆ ತೂಗಿಯೇ ಪಿಕಪ್ ಮಾರಿದ್ದು.

ಯುರೋಪಿನ ತರಬೇತಿ ಶಿಬಿರವೊಂದರ ದರ ವಿಚಾರಿಸಿದಾಗ ಮಂಡಿಯನ್ನೇ ಮಾರಬೇಕಿತ್ತು. ಆಗ ಕಠ್ಮಂಡುವಿನ ಪತ್ತೆಯಾಯಿತು. ಅಲ್ಲೊಬ್ಬ ಹಳೆಯ ರೇಸುಗಾರ್ತಿ ಹೆಣ್ಣುಮಕ್ಕಳಿಗಾಗಿಯೇ ಎರಡು ವಾರದ ಶಿಬಿರ ನಡೆಸುತ್ತಾಳೆ. ವೀಸಾ ಬೇಡ, ವೋಟರ್ ಕಾರ್ಡ್ ಸಾಕು. ಜೊತೆಗೆ ಪಶುಪತಿನಾಥ. ಶಿವನನ್ನು ನಂಬಿದ ಮನೆಯವಳಿಗೆ ಇದಕ್ಕಿಂತ ಒಳ್ಳೆಯ ಕೊಸರು ಯಾವ ವ್ಯಾಪಾರದಲ್ಲಿ ಸಿಗುತ್ತದೆ?

ಕಠ್ಮಂಡು ವಿಮಾನ ನಿಲ್ದಾಣ

ಸೈಕಲ್ಲನ್ನು ಬಿಚ್ಚಿ ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿ ವಿಮಾನಕ್ಕೆ ಹಾಕಬೇಕು. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಎಷ್ಟೊಂದು ಜಾಗ ದಂಡ! ಬಾಡಿಗೆ ಕೊಟ್ಟ ಗಾಡಿಯನ್ನು ಖಾಲಿ ಕಳಿಸಿ ನನಗೆ ಅಭ್ಯಾಸವಿಲ್ಲ. ರಾಗಿ ಹಿಟ್ಟು, ಹುರಿಗಡಲೆ, ಅಲ್ಲಿನವರಿಗೆ ಕೊಡಲೆಂದು ನಮ್ಮ ಕಡೆಯ ಅರಿಶಿನ ಪುಡಿಯ ಪೊಟ್ಟಣಗಳು, ಎಲ್ಲವನ್ನೂ ತುರುಕಿದೆ.

"ಬ್ಯಾಡ ಕಣತ್ತೆ, ಚೈನಿಗೆ ಧೂಳು ಆಗಕಿಲ್ಲ."

"ನಿಂಗೇನ್ ಗೊತ್ತಮ್ಮಿ, ಸುಮ್ಕೆ ಟೇಪ್ ಸುತ್ತು."

ಕಠ್ಮಂಡುವಿನಲ್ಲಿ ತಪಾಸಣೆಯವನು ಪೆಟ್ಟಿಗೆ ಬಿಚ್ಚಿಸಿದ. ಪೊಟ್ಟಣಗಳು ಒಡೆದಿದ್ದವು. ಹ್ಯಾಂಡಲ್ಲು, ಸೀಟು, ಚೈನು, ಕಡ್ಡಿಗಳು, ಎಲ್ಲವೂ ಮದುವಣಗಿತ್ತಿಗೆ ಎಣ್ಣೆಶಾಸ್ತ್ರ ಮಾಡಿದಂತೆ ಹಳದಿ. ಅವನು ಸೈಕಲ್ಲನ್ನೂ ನನ್ನನ್ನೂ ನೋಡಿ, "ಪೂಜಾ?" ಅಂದ. "ಪೂಜಾ, ಪೂಜಾ" ಅಂದೆ. ಅಷ್ಟೇ. ಹ್ಯಾಂಡಲ್ಲಿಗೆ ಬೆರಳು ಮುಟ್ಟಿಸಿ ಹಣೆಗೊತ್ತಿಕೊಂಡು ಬಿಟ್ಟುಬಿಟ್ಟ. ವಾಹನಕ್ಕೆ ಪೂಜೆ ಮಾಡುವ ಜನ ನಮ್ಮ ಹಾಗೇ ಅಂತ ನನಗೆ ಆ ದೇಶ ಅಲ್ಲೇ ಹಿಡಿಸಿಬಿಟ್ಟಿತು. ಸಿಂಚನಾ ಮಾತ್ರ ಅಂದು ಸಂಜೆಯೆಲ್ಲ ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೈನು ತಿಕ್ಕಿದಳು.

ಗಡಿಯಾರವನ್ನು ಅಲ್ಲಿ ಕಾಲು ಗಂಟೆ ಮುಂದಿಡಬೇಕು. ಅರ್ಧ ಗಂಟೆಯಲ್ಲ, ಕಾಲು ಗಂಟೆ. ಎರಡು ದೇಶಗಳ ನಡುವೆ ಇಷ್ಟು ಸೂಕ್ಷ್ಮವಾಗಿ ಚೌಕಾಸಿ ಮಾಡಿ ಸಮಯ ಗೊತ್ತುಮಾಡಿಕೊಂಡವರು ಯಾರೋ, ಅವರಿಗೆ ಕೈ ಮುಗಿದೆ.

ಪಾಟನ್, ದೇವಕಿ ಆಮಾ ಮನೆ

ನಾವು ಉಳಿದದ್ದು ಪಾಟನ್ ಎಂಬ ಹಳೆಯ ಪಟ್ಟಣದ ಓಣಿಯೊಂದರಲ್ಲಿ, ದೇವಕಿ ಎಂಬ ವಿಧವೆಯ ಮಹಡಿಯ ಕೋಣೆಯಲ್ಲಿ. ಆಮಾ ಅಂದರೆ ಅಮ್ಮ. ಆ ಊರಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ತರಕಾರಿಯವಳು ಅಕ್ಕ, ಬಸ್ಸಿನವನು ಅಣ್ಣ, ಪೊಲೀಸಿನವನು ತಮ್ಮ. ಮೊದಲ ದಿನವೇ ನಾನು ಇಡೀ ಓಣಿಗೆ ದಿದಿ ಆದೆ. ಅಕ್ಕ ಅಂತ ಕರೆಸಿಕೊಂಡ ಮೇಲೆ ಸೊಪ್ಪಿನ ಬೆಲೆಯಲ್ಲಿ ಎಷ್ಟು ಇಳಿಸಿ ಕೇಳುವುದು? ಅದೊಂದು ತೊಂದರೆ.

ಬೆಳಿಗ್ಗೆ ಬರೀ ಚಹಾ. ಹತ್ತು ಗಂಟೆ ಸುಮಾರಿಗೆ ಅನ್ನ, ಬೇಳೆ, ಸೊಪ್ಪು, ಉಪ್ಪಿನಕಾಯಿಯ ಪೂರ್ತಿ ಊಟ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಪುಗ್ಯೋ", ಅಂದರೆ ಸಾಕು, ಅನ್ನುವ ತನಕ ಬಡಿಸುತ್ತಲೇ ಇರುತ್ತಾರೆ. ಹೋಟೆಲಿನಲ್ಲೂ ಹಾಗೇ, ಎರಡನೇ ಸಲದ ಅನ್ನಕ್ಕೆ ದುಡ್ಡಿಲ್ಲ. ನಮ್ಮಲ್ಲಿ ಎಕ್ಸ್‌ಟ್ರಾ ಸಾಂಬಾರಿಗೆ ಮುಖ ಗಂಟಿಕ್ಕುವ ಹೋಟೆಲಿನವರನ್ನೆಲ್ಲ ಒಂದು ಬಸ್ಸು ಮಾಡಿ ಅಲ್ಲಿಗೆ ಕಳಿಸಬೇಕು.

ಏರು ದಾರಿಯ ಪಾಠ

ಕೋಚ್ ಹೆಸರು ಮಾಯಾ. ಕುಳ್ಳಗೆ, ಕೆನ್ನೆಗಳು ಗಾಳಿಗೆ ಸುಟ್ಟು ಕೆಂಪಾದ, ಕೂಗದೆ ಮಾತಾಡುವ ಹೆಂಗಸು. ಅವಳ ಹಿಂದಿಯೂ ನನ್ನ ಹಿಂದಿಯೂ ಎರಡೂ ಎರವಲು. ಅದಕ್ಕೇ ಏನೋ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು.

ಗಂಟೆಗಟ್ಟಲೆ ಗುಡ್ಡ ಹತ್ತಿಸುತ್ತಾಳೆ ಅಂತ ನಾನು ಎಣಿಸಿದ್ದೆ. ಮಾಯಾ ಒಂದು ಏರಿನ ಬುಡದಲ್ಲಿ ಹುಡುಗಿಯರನ್ನು ನಿಲ್ಲಿಸಿ ಸೀಟಿ ಊದಿದಳು. ನಾಲ್ಕು ನಿಮಿಷ ತುಳಿಯಬೇಕು. ಎಷ್ಟು ಜೋರಾಗಿ ಅಂದರೆ ಮಾತಾಡಲು ಉಸಿರು ಉಳಿಯಬಾರದು, ಆದರೆ ತಲೆ ಸುತ್ತಿಯೂ ಬೀಳಬಾರದು. ಮತ್ತೆ ಸೀಟಿ. ಪ್ರತಿಯೊಬ್ಬಳೂ ತಾನು ಮುಟ್ಟಿದ ಜಾಗದಲ್ಲಿ ಒಂದು ಕಲ್ಲಿಡಬೇಕು. ಆಮೇಲೆ ಪದ ಗುನುಗುವಷ್ಟು ನಿಧಾನವಾಗಿ ಕೆಳಗಿಳಿದು ಬಂದು ಮತ್ತೆ ಶುರು. ಹೀಗೆ ನಾಲ್ಕು ಸಲ. ನಾಲ್ಕನೇ ಸಲವೂ ಅದೇ ಕಲ್ಲನ್ನು ಮುಟ್ಟಬೇಕು, ಪಾಠವೆಂದರೆ ಇಷ್ಟೇ.

ಸಿಂಚನಾಳ ಮೊದಲ ಕಲ್ಲು ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ನನ್ನ ಎದೆ ಉಬ್ಬಿತು. ನಾಲ್ಕನೇ ಸಲ ಅವಳು ಆ ಕಲ್ಲಿಗೆ ಬಹಳ ಕೆಳಗೇ ನಿಂತುಬಿಟ್ಟಳು. ಪಕ್ಕದಲ್ಲಿ ಒಬ್ಬ ಸಣಕಲು ನೇಪಾಳಿ ಹುಡುಗಿ ನಾಲ್ಕು ಸಲವೂ ತನ್ನ ಕಲ್ಲನ್ನು ಮುಟ್ಟಿ, ಅದನ್ನು ದಾಟಿ ಹೋದಳು.

"ನಿನ್ನ ರೇಸು ಇಲ್ಲೇ ಕಾಣುತ್ತಿದೆ," ಅಂದಳು ಮಾಯಾ ಸಿಂಚನಾಗೆ. "ಮೊದಲನೆಯದರಲ್ಲೇ ಎಲ್ಲ ಖರ್ಚು ಮಾಡಿಬಿಡುತ್ತೀಯ. ಉಳಿದ ಮೂರರಲ್ಲಿ ಬರೀ ನೋವು, ಕಲಿಯುವುದೇನೂ ಇಲ್ಲ."

ಅಷ್ಟಕ್ಕೇ ಅಂದಿನ ಪಾಠ ಮುಗಿಯಿತು. ಇನ್ನೂ ಬಿಸಿಲೂ ಏರಿರಲಿಲ್ಲ. ಪಿಕಪ್ ಮಾರಿ ಬಂದವಳಿಗೆ ಹೇಗಾಗಬೇಡ? "ಮಾಯಾ, ಪೂರ್ತಿ ದುಡ್ಡು ಕೊಟ್ಟಿದ್ದೇನೆ. ನಾಲ್ಕಕ್ಕೆ ಇನ್ನೊಂದು ಸೇರಿಸಿ ಐದು ಮಾಡಿಸು," ಅಂದೆ.

"ದಿದಿ," ಅಂದಳು, "ಈ ತಕ್ಕಡಿಯಲ್ಲಿ ಹೆಚ್ಚಿಗೆ ಹಾಕಿದರೆ ತೂಕ ಕಡಿಮೆಯಾಗುತ್ತದೆ. ನಾಳೆ ಅವಳು ಎಷ್ಟು ನಿಧಾನ ತುಳಿಯಬೇಕೆಂದರೆ ಸೊಪ್ಪು ಹೊತ್ತ ಅಜ್ಜಿ ಅವಳನ್ನು ಹಿಂದೆ ಹಾಕಬೇಕು. ನಾಡಿದ್ದು ಪೂರ್ತಿ ವಿಶ್ರಾಂತಿ."

ವ್ಯಾಪಾರದಲ್ಲಿ ಇಂಥ ಮಾತು ನಾನು ಕೇಳಿಯೇ ಇರಲಿಲ್ಲ. ನಂಬಲೂ ಇಲ್ಲ.

ಪಶುಪತಿ, ಸ್ವಯಂಭು

ವಿಶ್ರಾಂತಿಯ ದಿನ ಬಿದ್ದದ್ದು ಸೋಮವಾರ. ಯೋಚನೆ ಮಾಡಿ ನೋಡಿ: ಸೋಮವಾರ, ಶಿವನ ಊರು, ಕೈಯಲ್ಲಿ ಖಾಲಿ ದಿನ. ನಮ್ಮ ಮನೆಯಲ್ಲಿ ಸೋಮವಾರ ಒಪ್ಪೊತ್ತು. ಅಲ್ಲಿಗೆ ಹೋಗಿ ಅದೂ ಬೇಡ, ಪೂರ್ತಿ ಉಪವಾಸವೇ ಇರೋಣ ಅಂತ ಗೊತ್ತುಮಾಡಿದೆ.

"ಮಾಯಾ ದಿದಿ ಮನೀಕ ಅಂದವ್ರೆ ಕಣತ್ತೆ," ಅಂದಳು ಸಿಂಚನಾ.

"ಇಷ್ಟ್ ದೂರ ಬಂದು ಮನೀಕಂಡ್ರೆ ಊರಲ್ಲಿ ಉಗೀತರೆ. ಸೈಕಲ್ ತುಳೀಬ್ಯಾಡ ಅಂದವ್ಳೆ, ನಡೀಬ್ಯಾಡ ಅಂದಿಲ್ಲ. ಎದ್ದೇಳು, ಓಗನ."

ಪಶುಪತಿನಾಥನ ಮುಂದೆ ನಿಂತಾಗ ಕಣ್ಣು ತುಂಬಿ ಬಂತು. ಅಲ್ಲಿ ಪೂಜೆ ಮಾಡುವ ಭಟ್ಟರು ತಲೆತಲಾಂತರದಿಂದ ನಮ್ಮ ದಕ್ಷಿಣದವರು. ಯಾವುದೋ ಮೂಲೆಯಿಂದ ಕನ್ನಡದ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಮಕ್ಕಳ ಹಾಗೆ ಆ ಕಡೆ ತಿರುಗಿದೆ. ಅಷ್ಟಕ್ಕೆ ಮನೆಗೆ ಬಂದಿದ್ದರೆ ಚೆನ್ನಾಗಿತ್ತು. ಬಂದಿದ್ದೇವಲ್ಲ ಅಂತ ಬೌದ್ಧನಾಥದ ದೊಡ್ಡ ಸ್ತೂಪ ಸುತ್ತಿದೆವು. ಸ್ವಯಂಭುವಿನ ಗುಡ್ಡದ ಕಡಿದಾದ ಮೆಟ್ಟಿಲುಗಳನ್ನೂ ಹತ್ತಿದೆವು. ಅಲ್ಲಿ ಕೋತಿಯೊಂದು ನನ್ನ ಪ್ರಸಾದದ ಪೊಟ್ಟಣ ಕಿತ್ತುಕೊಂಡು, ನನ್ನೆದುರೇ ಕೂತು ತಿಂದಿತು. ಆ ದಿನ ನಮ್ಮ ಮೂವರಲ್ಲಿ ಹೊಟ್ಟೆ ತುಂಬಿದ್ದು ಅದಕ್ಕೊಂದಕ್ಕೇ.

ಮರುದಿನ ಅದೇ ಏರು. ಸಿಂಚನಾ ಮೊದಲ ಸಲವೇ ತನ್ನ ಹಳೆಯ ಕಲ್ಲಿನ ತನಕ ಹೋಗಲಿಲ್ಲ. ಎರಡನೇ ಸಲ ಸೈಕಲ್ಲು ಅತ್ತಿತ್ತ ಓಲಾಡಿತು. ಮೂರನೇ ಸಲ ಅರ್ಧದಲ್ಲೇ ಇಳಿದು, ರಸ್ತೆಯ ಅಂಚಿನಲ್ಲಿ ತಲೆ ಮೊಣಕಾಲಿಗೆ ಹಚ್ಚಿ ಕೂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. ಮಾಯಾ ಓಡಿ ಬಂದು ಬೆಲ್ಲದ ನೀರು ಕುಡಿಸಿದಳು.

"ನಿನ್ನೆ ಏನು ತಿಂದೆ?"

"ಏನೂ ಇಲ್ಲ."

"ಏನು ಮಾಡಿದೆ?"

ಸಿಂಚನಾ ನನ್ನ ಕಡೆ ನೋಡಿದಳು. ನಾನೇ ಹೇಳಿದೆ. ಪಶುಪತಿ, ಸ್ತೂಪ, ಮೆಟ್ಟಿಲು, ಕೋತಿ.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ನಾನೂ ತೀಜ್ ಹಬ್ಬದಲ್ಲಿ ನೀರೂ ಮುಟ್ಟದೆ ಉಪವಾಸ ಇರುತ್ತೇನೆ ದಿದಿ," ಅಂದಳು. "ಆದರೆ ಆ ದಿನವೂ ಮಾರನೇ ದಿನವೂ ಸೈಕಲ್ ಗೂಟಕ್ಕೆ. ಬನ್ನಿ, ನೀವೊಂದು ಸಲ ಹತ್ತಿ. ನಡೆದುಕೊಂಡೇ."

ಸೀಟಿ ಊದಿದಳು. ಐವತ್ತು ದಾಟಿದ ನಾನು ಸೀರೆ ಎತ್ತಿ ಕಟ್ಟಿ, ಆ ಏರನ್ನು ಬೀಸಾಗಿ ಹತ್ತಿದೆ. ಒಂದು ನಿಮಿಷಕ್ಕೆ ಕಿವಿಯಲ್ಲಿ ಗಾಳಿ ತುಂಬಿತು. ಎರಡಕ್ಕೆ ತೊಡೆ ಉರಿಯಿತು. "ಮೂರಕ್ಕೆ ಮುಗಿಸಮ್ಮ" ಅಂತ ಅಂಗಲಾಚಿದೆ.

"ಇಲ್ಲಿ ಫಿಕ್ಸ್ ರೇಟು ದಿದಿ," ಅಂದಳು ಪಕ್ಕದಲ್ಲೇ ನಡೆಯುತ್ತ.

ನಾಲ್ಕಕ್ಕೆ ನಿಂತೆ. ಹುಡುಗಿಯರು ಚಪ್ಪಾಳೆ ತಟ್ಟಿದರು. "ಈಗ ಕೂರದೆ ಹಿಂದೆಯೇ ಇನ್ನೊಂದು," ಅಂದಳು. ಹತ್ತು ಹೆಜ್ಜೆಗೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಆಗ ನೀರು ಕೊಟ್ಟು, ಕೂರಿಸಿ, ಬೆವರು ಆರುವ ತನಕ ಬಿಟ್ಟು ಮತ್ತೆ ಎಬ್ಬಿಸಿದಳು. ಸತ್ಯವಾಗಿ ಹೇಳುತ್ತೇನೆ, ಈ ಸಲ ಮೊದಲಿನಷ್ಟೇ ದೂರ ಹೋದೆ. ಇಡೀ ಶಿಬಿರದ ಗುಟ್ಟನ್ನು ನನ್ನ ಮಂಡಿಚಿಪ್ಪಿಗೇ ಹೇಳಿಕೊಟ್ಟಳು ಆ ಹೆಂಗಸು. ಬಾಯಲ್ಲಿ ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆ.

"ಅತ್ತೆ, ನಿನ್ ಕಲ್ಲು ಇಟ್ಬುಟ್ಟು ಬಾ," ಅಂತ ಕೂತಲ್ಲಿಂದಲೇ ನಕ್ಕಳು ಸಿಂಚನಾ. ಅವಳ ಕೆನ್ನೆಗೆ ಬಣ್ಣ ಮರಳಿತ್ತು.

ಭಕ್ತಪುರದ ಜಗಲಿ

ಮುಂದಿನ ವಿಶ್ರಾಂತಿಯ ದಿನ ಬಸ್ಸಿನಲ್ಲಿ ಕೂತು ಭಕ್ತಪುರಕ್ಕೆ ಹೋದೆವು. ಮಾಯಾಳ ಅಪ್ಪಣೆ ಕೇಳಿಯೇ ಹೋದದ್ದು. "ಕೂರುವುದಾದರೆ ಹೋಗಿ, ಸುತ್ತುವುದಾದರೆ ಬೇಡ," ಅಂದಿದ್ದಳು.

ಕೂರುವುದಕ್ಕೆಂದೇ ಕಟ್ಟಿದ ಊರು ಅದು. ಪ್ರತಿ ಚೌಕದಲ್ಲೂ, ಪ್ರತಿ ಬಾವಿಯ ಪಕ್ಕದಲ್ಲೂ ಕೆತ್ತನೆಯ ಕಂಬಗಳ ಮೇಲೆ ಮಾಡು ಹೊದಿಸಿದ ಜಗಲಿ. ಯಾರು ಬೇಕಾದರೂ ಕೂರಬಹುದು, ಮಲಗಬಹುದು, ಯಾರೂ ಏಳಿ ಅನ್ನುವುದಿಲ್ಲ. ನಮ್ಮ ಅರಳಿಕಟ್ಟೆಗಳ ಮೇಲೆ ಈಗ ಬೈಕು ನಿಲ್ಲಿಸುತ್ತೇವೆ. ಅವರು ಭೂಕಂಪದಲ್ಲಿ ಬಿದ್ದದ್ದನ್ನೂ ಮತ್ತೆ ಅದೇ ಇಟ್ಟಿಗೆ, ಅದೇ ಮರದ ಕೆತ್ತನೆಯಲ್ಲಿ ಎಬ್ಬಿಸುತ್ತಿದ್ದಾರೆ. ಎದುರಿಗೊಬ್ಬ ಬಡಗಿ ಒಂದೇ ಕಂಬದ ಒಂದೇ ಹೂವನ್ನು ನಾವು ಕೂತಷ್ಟು ಹೊತ್ತೂ ಕೆತ್ತುತ್ತಿದ್ದ.

ನಮ್ಮ ಕಡೆಯಿಂದ ಹಿಂದೆಂದೋ ಹೋಗಿ ನೆಲೆಸಿದ ಜಂಗಮರ ಹಳೆಯ ಮಠವೊಂದು ಅದೇ ಊರಲ್ಲಿದೆ ಅಂತ ಪಕ್ಕದಲ್ಲಿ ಕೂತ ಮುದುಕರು ಹೇಳಿದರು. ಎದ್ದು ಓಡಬೇಕು ಅನ್ನಿಸಿತು. ಸಿಂಚನಾ ನನ್ನ ಸೆರಗು ಹಿಡಿದಿದ್ದಳು.

"ಕೂತ್ಕ."

"ಆಚೆ ಓಣೀಲೇ ಐತಂತೆ ಕಣಮ್ಮಿ."

"ಮೊಸ್ರು ತಿನ್ನು, ಅತ್ತೆ."

ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ, ಚಾಕುವಿನಲ್ಲಿ ಕೊಯ್ಯಬಹುದಾದಷ್ಟು ಗಟ್ಟಿ ಮೊಸರು. ನನ್ನ ಇಡೀ ಬಾಳಿನಲ್ಲಿ ಏನೂ ಮಾರದೆ, ಏನೂ ಕೊಳ್ಳದೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಮಾರನೇ ದಿನ ಸಿಂಚನಾಳ ನಾಲ್ಕನೇ ಓಟ ಅವಳ ಮೊದಲ ಕಲ್ಲಿಗೆ ಒಂದೇ ಮಾರು ಕೆಳಗಿನ ತನಕ ಬಂತು. ಅದರ ನಂತರದ ಸಲ ಮುಟ್ಟಿಯೇ ಬಿಟ್ಟಳು.

ಗೋದಾವರಿ

ಶಿಬಿರದ ಕೊನೆಗೆ ಒಂದು ರೇಸು. ಕಣಿವೆಯ ದಕ್ಷಿಣಕ್ಕೆ ಗೋದಾವರಿ ಅಂತಲೇ ಒಂದು ಊರಿದೆ, ಅದರ ಹಿಂದೆ ಕಾಡು ಹೊದ್ದ ಗುಡ್ಡ. ಮೂರು ಸುತ್ತು, ಪ್ರತಿ ಸುತ್ತಿಗೂ ಒಂದು ಉದ್ದನೆಯ ಏರು. ಶಿಬಿರದವರಲ್ಲದೆ ಹೊರಗಿನ ರೇಸುಗಾರ್ತಿಯರೂ ಬಂದಿದ್ದರು. ಶೂ ಬಿಗಿಯುತ್ತ ಸಿಂಚನಾ ಒಂದೇ ಮಾತು ಹೇಳಿದಳು: "ಅತ್ತೆ, ಇವತ್ತು ಗೊತ್ತಾಯ್ತದೆ." ಏನು ಅಂತ ಕೇಳಲಿಲ್ಲ. ಮಂಡಿಯೋ, ಸೈಕಲ್ಲೋ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ಏರಿನ ನೆತ್ತಿಯಲ್ಲಿ, ಒಂದು ಬಂಡೆಯ ಮೇಲೆ ನಿಂತೆ. ಮೊದಲ ಸುತ್ತಿಗೆ ಒಬ್ಬೊಬ್ಬರಾಗಿ ಬಂದರು. ಮುಂದಿನ ಗುಂಪಿನಲ್ಲಿ ನಮ್ಮವಳಿಲ್ಲ. ಆಮೇಲಿನವರಲ್ಲೂ ಇಲ್ಲ. ಬಹಳ ಹಿಂದೆ, ಅವಸರವೇ ಇಲ್ಲದವಳಂತೆ ಬರುತ್ತಿದ್ದಾಳೆ! ನನಗೆ ಜೀವ ತಡೆಯಲಿಲ್ಲ.

"ಏಯ್ ಸಿಂಚ್ನಾ! ತುಳಿಯಮ್ಮಿ! ಎಲ್ರೂ ಒಂಟೋದ್ರು! ತುಳಿ, ತುಳಿ!"

ಹುಟ್ಟಿದಾಗಿನಿಂದ ನನ್ನ ಮಾತು ಮೀರಿದವಳಲ್ಲ ಅವಳು. ಟೇಪ್ ಸುತ್ತು ಅಂದರೆ ಸುತ್ತಿದವಳು, ಮೆಟ್ಟಿಲು ಹತ್ತು ಅಂದರೆ ಹತ್ತಿದವಳು. ತಲೆಯನ್ನೂ ಎತ್ತದೆ ಹೇಳಿದಳು:

"ಸುಮ್ಕಿರತ್ತೆ."

ಅದೇ ನಿಧಾನದಲ್ಲಿ ನನ್ನನ್ನು ದಾಟಿ ಹೋದಳು. ಬಂಡೆಯ ಮೇಲೆ ಕುಕ್ಕರಿಸಿದೆ. ಮಂಡಿಯಲ್ಲಿ ಅವಳಿಗೊಂದು ಕುರ್ಚಿ ಹಾಕಿಸಬೇಕು ಅಂತ ಯೋಚನೆ ಬಂತು. ಬಂದದ್ದೇ ನನ್ನ ಮೇಲೆ ನನಗೇ ಸಿಟ್ಟು ಬಂತು. ಎರಡೂ ಕಡೆ ಲಾಭ ಅಂತ ತೂಗಿದ್ದವಳಿಗೆ ಆ ಹೊತ್ತು ಒಂದೇ ಕಡೆ ಬೇಕಾಗಿತ್ತು.

ಎರಡನೇ ಸುತ್ತಿಗೆ ಒಬ್ಬಳನ್ನು ಹಿಂದೆ ಹಾಕಿದ್ದಳು. ಮುಖದಲ್ಲಿ ಬೆವರು, ಉಸಿರಿನಲ್ಲಿ ಮಾತ್ರ ಒಂದೇ ಲಯ. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿಂತೆ.

ಮೂರನೇ ಏರು. ಮುಂದೆ ಹಾರಿದ್ದವರೆಲ್ಲ ಈಗ ಓಲಾಡುತ್ತ ಬಂದರು. ಒಬ್ಬಳು ಇಳಿದು ಸೈಕಲ್ ತಳ್ಳುತ್ತಿದ್ದಳು. ತಿರುವಿನಲ್ಲಿ ನಮ್ಮವಳ ಕೆಂಪು ಹೆಲ್ಮೆಟ್ ಕಾಣಿಸಿತು. ಎದ್ದು ನಿಂತು ತುಳಿಯುತ್ತಿದ್ದಳು, ಕ್ವಾರಿ ದಾರಿಯಲ್ಲಿ ಮೊದಲ ಸುತ್ತಿಗೆ ತುಳಿಯುವ ಹಾಗೆ. ತಳ್ಳುತ್ತಿದ್ದವಳನ್ನು ದಾಟಿದಳು, ಅವಳ ಮುಂದಿನವಳನ್ನು ದಾಟಿದಳು, ನನ್ನ ಬಂಡೆಯ ಎದುರೇ ಇನ್ನೊಬ್ಬಳನ್ನು. ನನ್ನ ಕಡೆ ನೋಡಲಿಲ್ಲ. ಕಲ್ಲುಗಳ ಮೇಲೆ ಟೈರು ಚಿಮ್ಮಿಸುತ್ತ ಇಳಿಜಾರಿನಲ್ಲಿ ಮಾಯವಾದಳು.

ನಾನು ಕೆಳಗೆ ಓಡಿ ಹೋಗುವ ಹೊತ್ತಿಗೆ ರೇಸು ಮುಗಿದಿತ್ತು. ಗೆದ್ದವಳು ಆ ಸಣಕಲು ನೇಪಾಳಿ ಹುಡುಗಿ. ನಮ್ಮವಳು ನಾಲ್ಕನೆಯವಳು. ಪದಕ ಮೂವರಿಗೇ. ಮಾಯಾ ಅವಳ ಹೆಗಲ ಮೇಲೆ ಕೈಯಿಟ್ಟು, "ಮೂರೂ ಏರು ಒಂದೇ ಸಮ," ಅಂತ ಮಾತ್ರ ಹೇಳಿದಳು. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಎರಡು ವಾರದಲ್ಲಿ ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಸಿಂಚನಾ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದಳು. ಮೈಯೆಲ್ಲ ಕೆಸರು. ಅಳುತ್ತಿದ್ದಾಳೋ ಅಂತ ಬಗ್ಗಿ ನೋಡಿದರೆ ನಗುತ್ತಿದ್ದಾಳೆ.

"ಅತ್ತೆ."

"ಏನವ್ವ?"

"ಮಂಡಿಗೆ ಬ್ಯಾರೆ ಯಾರ್ನಾರ ನೋಡ್ಕ."

ಹೊರಡುವವರಿಗೆ

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹುಚ್ಚು ಹಿಡಿದ ಮಗುವಿದ್ದು, ನೀವೂ ಜೊತೆಗೆ ಹೊರಡುವುದಾದರೆ ನನ್ನ ಮಾತು ಕೇಳಿ. ವೋಟರ್ ಕಾರ್ಡ್ ಮರೆಯಬೇಡಿ. ಅದು ಅಸಲು ಇರಲಿ, ಜೆರಾಕ್ಸ್ ನಡೆಯುವುದಿಲ್ಲ. ಸೈಕಲ್ ಪೆಟ್ಟಿಗೆಯ ಖಾಲಿ ಜಾಗ ಖಾಲಿಯೇ ಇರಲಿ. ತೀರ ಹೊಟ್ಟೆ ಉರಿದರೆ ಹಳೆಯ ಟವಲು ತುಂಬಿ. ರೂಮಿನ ಬಾಡಿಗೆಯಲ್ಲಿ ಚೌಕಾಸಿ ಮಾಡಿ, ಟ್ಯಾಕ್ಸಿಯವನ ಹತ್ತಿರ ಬೇಕಾದಷ್ಟು ಮಾಡಿ, ಕೋಚ್ ಹತ್ತಿರ ಮಾಡಬೇಡಿ. ದೇವಸ್ಥಾನಗಳನ್ನೆಲ್ಲ ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ. ಶಿವ ಎಲ್ಲಿಗೂ ಹೋಗುವುದಿಲ್ಲ. ನಾವು ರೇಸು ಮುಗಿದ ಮೇಲೆ ಜಂಗಮರ ಮಠಕ್ಕೂ ಹೋಗಿ ಬಂದೆವು.

ಇನ್ನೊಂದು. ಅಲ್ಲಿ ಲಪ್ಸಿ ಎಂಬ ಹುಳಿ ಹಣ್ಣಿನ ಮಿಠಾಯಿ ಸಿಗುತ್ತದೆ, ಕಲ್ಲಿನಂತೆ ಗಟ್ಟಿ. ರೇಸಿನ ದಿನ ದಾರಿಯ ಪಕ್ಕ ನಿಲ್ಲುವ ಮೊದಲು ಒಂದನ್ನು ದವಡೆಗೆ ಹಾಕಿಕೊಳ್ಳಿ. ಕರಗುವುದಕ್ಕೆ ಮೂರು ಸುತ್ತು ಹಿಡಿಯುತ್ತದೆ, ಅಷ್ಟು ಹೊತ್ತು ನೀವು ಬಾಯಿ ತೆರೆಯಲಾರಿರಿ.